ಕಾಗೆಬಂಗಾರ ಹೆಕ್ಕುವವರು

(ದಾವಣಗೆರೆಯಲ್ಲಿ ಚಿತ್ರಕಲಾ ವಿದ್ಯಾರ್ಥಿಗಳ ಮುಂದೆ ಮಿಶ್ರ ಮಾಧ್ಯಮದ ಕಲಾವಿದೆಯೊಬ್ಬರು ಆಡಿದ ಮಾತಿನ ಬರಹ ರೂಪ)

ಮೊದಲು ಈ ಚೀಲ ಖಾಲಿ ಮಾಡಿಬಿಡುತ್ತೇನೆ. ಬೆಳಗ್ಗೆ ಮನೆ ಬಿಟ್ಟಾಗಿನಿಂದ ಇಲ್ಲಿಗೆ ಬಂದು ಕೂರುವಷ್ಟರಲ್ಲಿ ಸಿಕ್ಕಿದ ಸಾಮಾನು ಇದರಲ್ಲಿದೆ. ಒಂದು ಬಸ್ ಟಿಕೆಟ್. ಮಂಡಕ್ಕಿ ಕಟ್ಟಿಕೊಟ್ಟ ಪೇಪರ್. ಎಣ್ಣೆ ಹೀರಿದ ಕಡೆ ನೋಡಿ, ಹಿಂದಿನ ಪುಟದ ಅಕ್ಷರಗಳು ಉಲ್ಟಾ ಮೂಡಿವೆ. ಹೂವಿನವಳು ಎಸೆದ ಬಾಳೆನಾರಿನ ತುಂಡು. ಮೆಡಿಕಲ್ ಸ್ಟೋರಿನ ಸಣ್ಣ ಕವರ್, ಅದರ ಮೇಲೆ ಪೆನ್ನಿನಲ್ಲಿ 1-0-1 ಎಂದು ಬರೆದಿದ್ದಾರೆ. ಬೆಳಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ತುಕ್ಕು ಹಿಡಿದ ವಾಷರ್ ಎರಡು. ಇವನ್ನು ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಮುಟ್ಟಿ ನೋಡಿ, ಮೂಸಿಯೂ ನೋಡಿ.

ಎಲ್ಲಿ ಮಾತಾಡಲು ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: ಮೇಡಂ, ನಿಮಗೆ ಸ್ಫೂರ್ತಿ ಎಲ್ಲಿಂದ? ಹಿಂದೆ ಏನೇನೋ ಹೇಳುತ್ತಿದ್ದೆ. ಪ್ರಕೃತಿ ಅನ್ನುತ್ತಿದ್ದೆ. ಒಂದು ಸಲ ಶೂನ್ಯ ಅಂತಲೂ ಅಂದಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಸ್ಫೂರ್ತಿ ಬರುವುದಿಲ್ಲ, ಸಾಮಾನು ಬರುತ್ತದೆ. ಅದು ಬಂದು ಮನೆಯಲ್ಲಿ ಬಿದ್ದಿರುತ್ತದೆ. ಧೂಳು ಹೊಡೆಯುವಾಗ ಕೈಗೆ ಸಿಗುತ್ತದೆ, ಕೈಗೆ ಸಿಕ್ಕಿದ್ದು ಮನಸ್ಸಿಗೆ ಹತ್ತುತ್ತದೆ. ಆಮೇಲೆ ಕೆಲಸ. ಈ ಸಾಮಾನಿನ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ಪ್ರದರ್ಶನಕ್ಕೆ ಅರ್ಜಿ ತುಂಬುವಾಗ ‘ಮಾಧ್ಯಮ’ ಎಂಬ ಕಾಲಂ ಇರುತ್ತದಲ್ಲ. ತೈಲವರ್ಣ, ಜಲವರ್ಣ, ಅಕ್ರಿಲಿಕ್, ಲೋಹ, ಶಿಲೆ ಎಲ್ಲ ಮುಗಿದ ಮೇಲೆ ಕೊನೆಗೆ ಮಿಶ್ರ ಮಾಧ್ಯಮ, ಅಂದರೆ ಬೇರೆಬೇರೆ ಸಾಮಾನು ಕೂಡಿಸಿ ಮಾಡಿದ್ದು. ಲಗ್ನಪತ್ರಿಕೆಯ ಕೆಳಗೆ ‘ಮತ್ತು ಬಂಧುಮಿತ್ರರು’ ಅಂತ ಹಾಕುತ್ತಾರಲ್ಲ, ಆ ಲೆಕ್ಕ. ಅಲ್ಲಿ ಟಿಕ್ ಹಾಕುತ್ತಾ ನನಗೆ ಮೂವತ್ತು ವರ್ಷ ಕಳೆದಿದೆ. ಮೊದಮೊದಲು ಇದು ಪಾಶ್ಚಾತ್ಯರಿಂದ ಬಂದದ್ದು, ನಾವು ಕಲಿಯುತ್ತಿದ್ದೇವೆ ಎಂದುಕೊಂಡಿದ್ದೆ. ಪುಸ್ತಕದಲ್ಲಿ ಹಾಗೇ ಇತ್ತು. ನಮ್ಮಜ್ಜಿ ಓದಲು ಬಾರದವಳು, ಹಾಗಾಗಿ ಆ ಪುಸ್ತಕ ಅವಳನ್ನು ಕೆಡಿಸಿರಲಿಲ್ಲ.

ಅಜ್ಜಿ ಕೌದಿ ಹೊಲಿಯುತ್ತಿದ್ದಳು. ಸುಗ್ಗಿ ಮುಗಿದು ಕೈ ಬಿಡುವಾದ ಬೇಸಿಗೆಯಲ್ಲಿ ಪಡಸಾಲೆಯ ತುಂಬ ಹಳೆ ಸೀರೆ ಹಾಸಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಚೂರುಗಳು. ಅಕ್ಕಪಕ್ಕದ ಮನೆಯವರು ಇಬ್ಬರು ಮೂವರು ಬಂದು ಕೂರುತ್ತಿದ್ದರು. ದೊಡ್ಡ ಸೂಜಿ, ದಪ್ಪ ದಾರ, ಒಂದೇ ಸಮನೆ ಸಾಲು ಹೊಲಿಗೆ. ನನ್ನ ಕೆಲಸ ಸೂಜಿಗೆ ದಾರ ಪೋಣಿಸಿಕೊಡುವುದು. ಅಜ್ಜಿ ಒಂದೊಂದು ಚೂರು ಕೈಗೆತ್ತಿಕೊಂಡಾಗಲೂ ಅದರ ಹೆಸರು ಹೇಳುತ್ತಿದ್ದಳು. “ಇದು ನಿಮ್ಮಪ್ಪನ ಮಿಲ್ಲಿನ ಅಂಗಿ. ಇದು ನಿನ್ನ ತೊಟ್ಲ ಬಟ್ಟೆ. ಇದು ನಿಮ್ಮ ದೊಡ್ಡತ್ತೆ ಸೀರೆ, ಬಾಣಂತನದಾಗ ಹೋದ್ಲಲ್ಲ, ಅವಳದು.” ಹೋದವಳ ಸೀರೆಯನ್ನು ತೆಗೆದಿಟ್ಟು ಪೂಜೆ ಮಾಡಲಿಲ್ಲ, ಬಿಸಾಕಲೂ ಇಲ್ಲ. ಚೂರು ಮಾಡಿ ಎಲ್ಲರ ನಡುವೆ ಹೊಲಿದುಬಿಟ್ಟಳು. ಚಳಿಗಾಲದಲ್ಲಿ ನಾವು ಐದು ಮಕ್ಕಳು ಅದೇ ಕೌದಿ ಹೊದ್ದು ಮಲಗಿದೆವು.

ಚೂರು ಹರಿದಿದ್ದರೆ ಅಜ್ಜಿ ಆ ಹರಿದ ಕಡೆಯನ್ನು ಮುಚ್ಚುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ಸಣ್ಣ ತುಂಡು ಇಟ್ಟು, ಎರಡೂ ಕಾಣುವಂತೆ ಹೊಲಿಯುತ್ತಿದ್ದಳು. ಕಾಲೇಜಿನಲ್ಲಿ ಐದು ವರ್ಷ ಕಲಿತದ್ದಕ್ಕಿಂತ ಹೆಚ್ಚು ನಾನು ಆ ಪಡಸಾಲೆಯಲ್ಲಿ ಕಲಿತೆ ಅಂತ ಹೇಳಿದರೆ ಮೇಷ್ಟ್ರುಗಳಿಗೆ ಬೇಜಾರಾಗಬಹುದು. ಇಲ್ಲೇ ಕೂತಿದ್ದಾರೆ, ಹಾಗಾಗಿ ಅರ್ಧರ್ಧ ಅನ್ನುತ್ತೇನೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ಇನ್ನೂ ಬೇರೆ ಥರ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೊದಲೇ ಹಾಕಿದ ನಕ್ಷೆ ಇರುವುದಿಲ್ಲ, ಕೈಗೆ ಸಿಕ್ಕ ಚೂರು ಮುಂದಿನ ಚೂರನ್ನು ಕರೆಯುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಇಡುವ ಅಲಂಕಾರಕ್ಕೆ ‘ಫೂಲ’ ಎನ್ನುತ್ತಾರೆ. ಮೂಲೆಗೆ ಫೂಲ ಇಲ್ಲದ ಕೌದಿ ಬೆತ್ತಲೆ ಅಂತೆ. ಹೊದೆಯುವ ಬಟ್ಟೆಗೇ ಬೆತ್ತಲೆ ಅನ್ನಬೇಕಾದರೆ ಅದನ್ನು ಎಷ್ಟು ಜೀವಂತವಾಗಿ ಕಂಡಿರಬೇಕು!

ಈಗ ಪುಸ್ತಕಕ್ಕೆ ಬರೋಣ. ಓದುವಾಗ ಲೈಬ್ರರಿಯಲ್ಲಿ ಒಂದು ದಪ್ಪ ಕಲಾ ಇತಿಹಾಸ ಇತ್ತು, ಹೊರಗೆ ಕೊಡುತ್ತಿರಲಿಲ್ಲ. ಅದರಲ್ಲಿ ಅಮೆರಿಕದ ರಾಬರ್ಟ್ ರೌಷೆನ್‌ಬರ್ಗ್ 1955ರಲ್ಲಿ ಮಾಡಿದ ‘ಬೆಡ್’ ಎಂಬ ಕೃತಿಯ ಚಿತ್ರ ಕಂಡೆ. ಒಂದು ದಿಂಬು, ಒಂದು ಹಾಸುಬಟ್ಟೆ, ಒಂದು ಚೂರುಬಟ್ಟೆಯ ಹೊದಿಕೆ. ಮೇಲಿನ ಭಾಗಕ್ಕೆ ಬಣ್ಣ ಸುರಿದು, ಪೆನ್ಸಿಲ್ಲಿನಲ್ಲಿ ಗೀಚಿ, ಹಾಸಿಗೆಯನ್ನು ಎತ್ತಿ ಗೋಡೆಗೆ ನಿಲ್ಲಿಸಿಬಿಟ್ಟಿದ್ದಾರೆ. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಕ್ಯಾನ್‌ವಾಸ್ ಕೊಳ್ಳಲು ಕಾಸಿರಲಿಲ್ಲ, ಅದಕ್ಕೇ ಹೊದಿಕೆ ಬಳಸಿದರು ಎಂಬ ಕತೆಯೂ ಇದೆ. ನನಗೆ ಮೊದಲು ತೋಚಿದ್ದು ‘ಅಯ್ಯೋ, ಇದು ಕೌದಿ!’ ಎರಡನೆಯದಾಗಿ ತೋಚಿದ್ದು, ಇದನ್ನು ಹೊಲಿದ ಹೆಂಗಸು ಯಾರು? ಲೇಬಲ್ಲಿನಲ್ಲಿ ಬಣ್ಣದ ಹೆಸರಿದೆ, ಪೆನ್ಸಿಲ್ಲಿನ ಹೆಸರಿದೆ, ದಿಂಬಿನ ಹೆಸರಿದೆ. ಹೊಲಿದ ಕೈಯ ಹೆಸರಿಲ್ಲ. ರೌಷೆನ್‌ಬರ್ಗ್ ದೊಡ್ಡ ಕಲಾವಿದರು, ನನಗೆ ಇಷ್ಟವೂ ಹೌದು. ಆದರೂ ಆ ಹೊದಿಕೆಯ ಹೊಲಿಗೆಯಲ್ಲಿ ಆಗಲೇ ಅರ್ಧ ಕೃತಿ ಮುಗಿದಿತ್ತು ಅಂತ ನನ್ನ ಅನುಮಾನ.

ನಿಮ್ಮ ಪರೀಕ್ಷೆಗೆ ಬರುವ ಇಸವಿಯನ್ನೂ ಹೇಳಿಬಿಡುತ್ತೇನೆ: 1912. ಆ ವರ್ಷ ಪಿಕಾಸೊ ಒಂದು ಸ್ಥಿರಚಿತ್ರಕ್ಕೆ ಬೆತ್ತದ ಹೆಣಿಗೆ ಅಚ್ಚಾದ ಮೇಣಬಟ್ಟೆಯ ತುಂಡು ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಹಾಕಿದರು. ಕೊಲಾಜ್ ಶುರುವಾದದ್ದು ಅಲ್ಲಿಂದ ಎಂದು ಬರೆಯಿರಿ, ಮಾರ್ಕ್ಸ್ ಬರುತ್ತದೆ. ಆದರೆ ಒಂದು ತಮಾಷೆ ಗಮನಿಸಿ. ಅವರು ಅಂಟಿಸಿದ್ದು ಬೆತ್ತವನ್ನಲ್ಲ, ಬೆತ್ತದ ಚಿತ್ರ ಇರುವ ಅಗ್ಗದ ಬಟ್ಟೆಯನ್ನು. ನಮ್ಮ ಮನೆ ಮೇಜಿನ ಮೇಲೆ ಹೂವಿನ ಚಿತ್ರದ ರೆಕ್ಸಿನ್ ಹಾಸಿರುತ್ತೇವಲ್ಲ, ಅಂಥದ್ದು. ಅಡುಗೆಮನೆಯ ಸಾಮಾನು ಗ್ಯಾಲರಿಯೊಳಗೆ ಕಾಲಿಟ್ಟದ್ದು ಹೀಗೆ, ಅದೂ ನಕಲಿ ವೇಷದಲ್ಲಿ.

1912 ನಮಗೆ ಬಾಯಿಪಾಠ. ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಇಲ್ಲಿ ಎಷ್ಟು ಜನ ಹೋಗಿದ್ದೀರಿ? ಕೈ ಎತ್ತಿ. ಮೂರು. ಸರಿ. ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವುದನ್ನು ನೋಡಿ ಬನ್ನಿ. ಹಗುರ ಮರದಲ್ಲಿ ಕೈ, ಕಾಲು, ಮುಖ ಬೇರೆಬೇರೆ ಕೆತ್ತಿ ಜೋಡಿಸುತ್ತಾರೆ. ಹಳೆ ಗೋಣಿಚೀಲವನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ ಕಿಟ್ಟ ಅನ್ನುತ್ತಾರೆ. ಸಂದುಗಳಿಗೆಲ್ಲ ಅದನ್ನು ತುಂಬಿ ಮೈ ನಯ ಮಾಡುತ್ತಾರೆ. ಒಡವೆಗಳು ಉಬ್ಬಿ ಕಾಣಲು ಕಲ್ಲಿನ ಪುಡಿಗೆ ಅಂಟು ಬೆರೆಸಿ ಗೆರೆ ಎಳೆಯುತ್ತಾರೆ. ಆಮೇಲೆ ಬಣ್ಣ. ಮರ, ಗೋಣಿ, ಬೀಜ, ಕಲ್ಲು, ಬಣ್ಣ, ಇಷ್ಟೂ ಒಂದು ಗರುಡನ ಮೈಯಲ್ಲಿ. ಅವರು ಯಾವ ಕಾಲಮ್ಮಿನಲ್ಲೂ ಟಿಕ್ ಹಾಕಲಿಲ್ಲ.

ಹುಣಸೆ ಬೀಜದ ಮಾತು ಬಂದಿದ್ದರಿಂದ ಸ್ವಲ್ಪ ದಾರಿ ಬಿಡುತ್ತೇನೆ. ನಮ್ಮ ಕಸುಬಿನಲ್ಲಿ ಬಣ್ಣಕ್ಕಿಂತ ದೊಡ್ಡದು ಅಂಟು. ಯಾವ ಪುಸ್ತಕವೂ ಇದನ್ನು ಸರಿಯಾಗಿ ಹೇಳುವುದಿಲ್ಲ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಮಗ್ಗಕ್ಕೆ ಹಾಸುವ ಉಣ್ಣೆಯ ದಾರಕ್ಕೆ ಹುಣಸೆ ಬೀಜದ ಗಂಜಿಯನ್ನೇ ಹಚ್ಚುತ್ತಾರೆ, ದಾರ ಬಿರುಸಾಗಿ ನಿಲ್ಲಲಿ ಎಂದು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಕುದಿಸುವಷ್ಟು ತಾಳ್ಮೆ ನನಗೆ ಮೊದಲು ಇರಲಿಲ್ಲ. ಮೈದಾ ಅಂಟು ಕಾಯಿಸುತ್ತಿದ್ದೆ, ಐದು ನಿಮಿಷದ ಕೆಲಸ. ನನ್ನ ಮೊದಲ ದೊಡ್ಡ ಕೊಲಾಜ್ ಮೈದಾ ಅಂಟಿನದು. ಮಿಲ್ ಕಾರ್ಮಿಕನ ಮುಖ. ಮಂಚದ ಕೆಳಗೆ ಇಟ್ಟಿದ್ದೆ. ಪ್ರದರ್ಶನಕ್ಕೆ ಎರಡು ದಿನ ಇರುವಾಗ ತೆಗೆದರೆ ಒಂದು ಕೆನ್ನೆ, ಅರ್ಧ ಮೂಗು ಇಲ್ಲ. ಜಿರಳೆಗಳಿಗೆ ಹಬ್ಬವಾಗಿತ್ತು. ಅಳುತ್ತಾ ಕೂತಿದ್ದೆ. ಅವ್ವ ಬಂದು ನೋಡಿ, “ಮಿಲ್ಲಿನೋರ ಮಕ ಹಿಂಗೇ ಇರ್ತತಿ, ಬಿಡು” ಅಂದಳು. ಹಾಗೇ ಕಳಿಸಿದೆ. ಅದಕ್ಕೆ ಬಹುಮಾನ ಬಂತು ಅಂತ ನೀವು ಕಾಯುತ್ತಿರಬಹುದು. ಬರಲಿಲ್ಲ. ತೆಗೆದುಕೊಳ್ಳಲೂ ಇಲ್ಲ, ವಾಪಸ್ ಬಂತು.

ಮೈದಾಕ್ಕೆ ಮೈಲುತುತ್ತ ಹಾಕಬೇಕೆಂದು ಆಮೇಲೆ ನನಗೆ ಹೇಳಿಕೊಟ್ಟದ್ದು ಕಾಲೇಜಲ್ಲ. ರಾತ್ರಿ ಹೊತ್ತು ಬಕೆಟ್ ಹಿಡಿದು ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದ ಹುಡುಗ. ವಿಷ ಅದು, ಕೈಗವಸು ಹಾಕಿಕೊಂಡೇ ಮುಟ್ಟಿ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ. ಆ ಹುಡುಗನಿಗೆ ಗೋಡೆಗಳ ಬಗ್ಗೆ ಗೊತ್ತಿದ್ದಷ್ಟು ನನಗೆ ಇವತ್ತಿಗೂ ಗೊತ್ತಿಲ್ಲ. ಯಾವ ಗೋಡೆ ನೀರು ಕುಡಿಯುತ್ತದೆ, ಯಾವುದು ಉಗುಳುತ್ತದೆ, ಮಳೆಗಾಲದಲ್ಲಿ ಯಾವ ಪೋಸ್ಟರ್ ಮೊದಲು ಮೂಲೆ ಬಿಡುತ್ತದೆ, ಎಲ್ಲ ಬಾಯಲ್ಲೇ ಇತ್ತು. ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗೋಡೆಯಲ್ಲಿ ಪೋಸ್ಟರ್ ಮೇಲೆ ಪೋಸ್ಟರ್ ಬಿದ್ದು ಒಂದು ಇಂಚು ದಪ್ಪ ಆಗಿತ್ತು. ನಾನು ಅದರ ಒಂದು ಹಲಗೆಯನ್ನೇ ಕಿತ್ತು ತಂದು ಅಂಚಿನ ಕಡೆಯಿಂದ ಉಪ್ಪುಕಾಗದ ತಿಕ್ಕಿದೆ. ಒಳಗಿನಿಂದ ಚುನಾವಣೆ, ಸಿನಿಮಾ, ಸರ್ಕಸ್ಸು, ನಾಟಕ ಕಂಪನಿ ಎಲ್ಲ ಪದರಪದರವಾಗಿ ಬಂದವು. ನಾನು ಅದಕ್ಕೆ ಒಂದು ಹನಿ ಬಣ್ಣವನ್ನೂ ಸೇರಿಸಲಿಲ್ಲ.

ಕಸವನ್ನೇ ಬದುಕು ಮಾಡಿಕೊಂಡ ಒಬ್ಬ ಜರ್ಮನ್ನರ ಕತೆ ಹೇಳುತ್ತೇನೆ. ಕುರ್ಟ್ ಶ್ವಿಟರ್ಸ್, ಹ್ಯಾನೋವರ್ ಊರಿನವರು. ಮೊದಲ ಮಹಾಯುದ್ಧ ಮುಗಿದ ಹೊಸತು. ಟ್ರಾಮ್ ಟಿಕೆಟ್, ಲಕೋಟೆ, ಚಾಕೊಲೇಟಿನ ಕಾಗದ, ಮರದ ಚೂರು, ರಸ್ತೆಯಲ್ಲಿ ಸಿಕ್ಕಿದ್ದೆಲ್ಲ ಅಂಟಿಸತೊಡಗಿದರು. ಒಂದು ಕೃತಿಗೆ ಬ್ಯಾಂಕಿನ ಜಾಹೀರಾತು ಕತ್ತರಿಸಿ ಹಾಕುವಾಗ ‘ಕೊಮರ್ಜ್’ ಎಂಬ ಪದದಲ್ಲಿ ‘ಮರ್ಜ್’ ಮಾತ್ರ ಉಳಿಯಿತು. ತಮ್ಮ ಇಡೀ ಕಲೆಗೆ ಅದೇ ಹೆಸರು ಇಟ್ಟರು. ಹೆಸರೂ ಕತ್ತರಿಸಿ ಬಿದ್ದ ಚೂರೇ ನೋಡಿ. ಮನೆಯೊಳಗೆ ವರ್ಷಗಟ್ಟಲೆ ಕಟ್ಟಿದ ‘ಮರ್ಜ್‌ಬೌ’ ಎಂಬ ರಚನೆ 1943ರ ಬಾಂಬ್ ದಾಳಿಯಲ್ಲಿ ಹೋಯಿತು. ಆ ಹೊತ್ತಿಗೆ ಅವರು ನಾಜಿಗಳಿಂದ ತಪ್ಪಿಸಿಕೊಂಡು ನಾರ್ವೆಗೆ, ಅಲ್ಲಿಂದ ಇಂಗ್ಲೆಂಡಿಗೆ ಓಡಿಹೋಗಿದ್ದರು. ಇಂಗ್ಲೆಂಡಿನವರು ಶತ್ರುದೇಶದವನೆಂದು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಇಟ್ಟರು. ಅಲ್ಲಿ ಏನು ಸಿಗಬೇಕು? ಬೆಳಗಿನ ತಿಂಡಿಗೆ ಕೊಡುತ್ತಿದ್ದ ಓಟ್ಸ್ ಗಂಜಿ ಮಿಕ್ಕಿದ್ದನ್ನು ಕೂಡಿಟ್ಟು ಅದರಲ್ಲೇ ಶಿಲ್ಪ ಮಾಡಿದರು. ಅದಕ್ಕೆ ಬೂಷ್ಟು ಬಂತು, ನಾತ ಹೊಡೆಯಿತು. ಒಂದೂ ಉಳಿದಿಲ್ಲ. ನಾನು ಯಾವಾಗಲಾದರೂ ‘ಒಳ್ಳೆ ಕಾಗದ ಇಲ್ಲ, ಬಣ್ಣ ತುಟ್ಟಿ’ ಅಂತ ಗೊಣಗಿದಾಗ ಆ ಬೂಷ್ಟು ಹಿಡಿದ ಗಂಜಿ ಶಿಲ್ಪ ನೆನಪಾಗಿ ಬಾಯಿ ಮುಚ್ಚುತ್ತೇನೆ.

ಶ್ವಿಟರ್ಸ್ ಅಂಟಿಸಿದ ಟಿಕೆಟ್‌ಗಳ ಅಕ್ಷರ ನೂರು ವರ್ಷದ ಮೇಲೂ ಓದಲು ಬರುತ್ತದೆ. ನನ್ನದು ಒಂದು ವರ್ಷ ಬಾಳಲಿಲ್ಲ. ಹರಿಹರದ ಒಂದು ಶಾಲೆಗೆ ಚಿತ್ರ ಕಲಿಸಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ವರ್ಷದ ಟಿಕೆಟ್‌ಗಳನ್ನೆಲ್ಲ ಸಾಲಾಗಿ ಅಂಟಿಸಿ ಒಂದು ದೊಡ್ಡ ಕೃತಿ ಮಾಡಿದೆ. ಒಬ್ಬರು ಕೊಂಡುಕೊಂಡರು, ಬಿಸಿಲು ಬೀಳುವ ಹಾಲಿನಲ್ಲಿ ಹಾಕಿದರು. ಏಳೆಂಟು ತಿಂಗಳಿಗೆ ಫೋನ್: “ಮೇಡಂ, ಚಿತ್ರ ಅಳಿಸಿ ಹೋಗ್ತಾ ಇದೆ.” ಹೋಗಿ ನೋಡಿದರೆ ಬರೀ ಬಿಳಿ ಚೀಟಿಗಳ ಸಾಲು. ಕಂಡಕ್ಟರ್ ಮಿಷನ್ನಿನಿಂದ ಬರುವ ಟಿಕೆಟ್ಟಿನಲ್ಲಿ ಶಾಯಿಯೇ ಇರುವುದಿಲ್ಲ, ಗೊತ್ತಲ್ಲ? ಕಾಗದದ ಮೇಲೆ ಒಂದು ಲೇಪ ಇರುತ್ತದೆ, ಬಿಸಿ ತಗುಲಿದ ಕಡೆ ಕಪ್ಪಾಗುತ್ತದೆ. ಬೆಳಕಿಗೆ, ಕೆಲವು ಅಂಟಿನ ರಾಸಾಯನಿಕಕ್ಕೆ ಅದು ಮತ್ತೆ ಬಿಳಿಚಿಕೊಳ್ಳುತ್ತದೆ. ಎಟಿಎಂ ಚೀಟಿಯೂ ಹಾಗೇ. ನಾನು ಇಷ್ಟನ್ನೂ ತಿಳಿದುಕೊಳ್ಳದೆ ಮಾರಿದ್ದೆ.

ದುಡ್ಡು ವಾಪಸ್ ಕೊಟ್ಟು ಕೃತಿ ಮನೆಗೆ ತಂದೆ. ಕೆಲವು ತಿಂಗಳು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಒಂದು ಸಂಜೆ ದೇವರ ಮುಂದಿನ ಊದುಬತ್ತಿ ಕೈಯಲ್ಲಿತ್ತು. ಬಿಸಿಗೆ ಕಪ್ಪಾಗುತ್ತದಲ್ಲ ಅಂತ ಹೊಳೆದು ಒಂದು ಚೀಟಿಯ ಹತ್ತಿರ ಹಿಡಿದೆ. ಮುಟ್ಟಿಸಲಿಲ್ಲ, ಬರೀ ಹತ್ತಿರ. ಒಂದು ಕಪ್ಪು ಚುಕ್ಕೆ ಅರಳಿತು. ಹಾಗೇ ಚುಕ್ಕೆ ಚುಕ್ಕೆಯಾಗಿ ಆ ದಾರಿಯನ್ನೇ ಬರೆದೆ: ಕಬ್ಬಿನ ಗಾಡಿ, ಗದ್ದೆ, ತುಂಗಭದ್ರೆಯ ಸೇತುವೆ, ನಿಂತುಕೊಂಡೇ ನಿದ್ದೆ ಮಾಡುವ ಕಾಲೇಜು ಹುಡುಗರು. ಇದೂ ಒಂದು ದಿನ ಮಾಸುತ್ತದೆ. ಈಗ ಕೊಳ್ಳುವವರಿಗೆ ಮೊದಲೇ ಹೇಳುತ್ತೇನೆ. ಒಬ್ಬರು ಅದಕ್ಕೇ ಕೊಂಡರು, ಇನ್ನೊಬ್ಬರು ಅದಕ್ಕೇ ಬಿಟ್ಟರು.

ಇನ್ನು ನಾನು ಇವತ್ತು ಹೇಳಲೇಬೇಕೆಂದು ಬಂದ ಮಾತು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ. ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಎಲ್ಲ ಕಡೆ ಓದಿದವರು, ಮೊದಲು ಬಣ್ಣದಲ್ಲೇ ಚಿತ್ರ ಬರೆಯುತ್ತಿದ್ದವರು. 1990ರ ದಶಕದ ಆರಂಭದಲ್ಲಿ ದೇಶದಲ್ಲಿ ಕೋಮುಹಿಂಸೆ ಹೊತ್ತಿಕೊಂಡಾಗ ಬಣ್ಣ ಸಾಕಾಗುವುದಿಲ್ಲ ಅನ್ನಿಸಿ ಸಗಣಿಗೆ ಕೈ ಹಾಕಿದರು. ಯೋಚನೆ ಮಾಡಿ, ಸಗಣಿ. ಅದು ಪವಿತ್ರವೂ ಹೌದು, ಅಂಗಳ ಸಾರಿಸುವ ಹೆಂಗಸಿನ ದಿನದ ಕೆಲಸವೂ ಹೌದು, ಬೆರಣಿ ತಟ್ಟಿ ಮಾರುವ ಬಡವರ ಸೌದೆಯೂ ಹೌದು. ಆಕಳ ಹೆಸರಿನಲ್ಲಿ ರಾಜಕೀಯ ನಡೆಯುವ ಕಾಲದಲ್ಲಿ ಅದನ್ನು ಗ್ಯಾಲರಿಗೆ ತಂದಿಟ್ಟರೆ ಅದು ಏನೇನು ಮಾತಾಡೀತು! ಅವರು ಸಗಣಿಯ ಚಿತ್ರ ಬರೆಯಲಿಲ್ಲ. ಸಗಣಿಯನ್ನೇ ತಂದರು.

1998ರಲ್ಲಿ ಅವರು ಮಾಡಿದ ಕೃತಿಯೊಂದರ ಹೆಸರನ್ನು ಕನ್ನಡದಲ್ಲಿ ‘ನನ್ನ ನೋವ ಅವನಿಗೆ ಹೇಳು’ ಅಂತ ಹೇಳಬಹುದು. ಒಂದೊಂದು ಸೂಜಿಗೂ ಉದ್ದಾನುದ್ದ ದಾರ ಪೋಣಿಸಿ, ಅಂಥ ದಾರಗಳನ್ನೆಲ್ಲ ಕೂಡಿಸಿ ಕುಂಕುಮ ಮತ್ತು ಅಂಟು ಹಚ್ಚಿ ಕೆಂಪು ಹಗ್ಗ ಮಾಡಿದರು. ಹಗ್ಗ ಗೋಡೆ, ನೆಲದ ಮೇಲೆ ಹರಿಯುತ್ತದೆ, ಕರುಳಿನ ಹಾಗೆ. ತುದಿಯಲ್ಲಿ ಸೂಜಿಗಳ ಗೊಂಚಲು ಜೋತಾಡುತ್ತದೆ. ಸೂಜಿಗೆ ದಾರ ಪೋಣಿಸಿ ಬೆಳೆದವಳು ನಾನು, ಅದರ ಮುಂದೆ ನಿಂತಾಗ ಬೆರಳ ತುದಿ ಚುಮುಚುಮು ಅಂದಿತು. ಎಷ್ಟು ದಿನ ಕೂತು ಎಳೆದಿರಬೇಕು ಆ ದಾರವನ್ನು! ಆ ಕೂತ ಕೆಲಸವೇ ಕೃತಿಯಲ್ಲಿದೆ.

ಆಮೇಲೆ ಕೂದಲು. ಲಾರಿ, ಕಾರುಗಳ ಬಂಪರಿಗೆ ಕೂದಲಿನ ಕರಿ ಹಗ್ಗ ಕಟ್ಟಿರುವುದನ್ನು ನೀವು ನೋಡಿದ್ದೀರಿ, ದೃಷ್ಟಿ ತಾಗದಿರಲಿ ಅಂತ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ ಮಾಡುವವರಿಗೆ ಹೋಗುತ್ತದೆ, ಗಿಡ್ಡನೆಯದು ಹಗ್ಗವಾಗುತ್ತದೆ. ಶೀಲಾ ಅವರು 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಇಂಥ ಹಗ್ಗವನ್ನು ಸುಮಾರು 4 ಕಿಲೋಮೀಟರಿನಷ್ಟು ಬಳಸಿ, ಅದರಿಂದ ಉಕ್ಕಿನ ಬಂಪರುಗಳನ್ನು ತೂಗುಹಾಕಿದರು. ‘ಬಿಹೋಲ್ಡ್’ ಅಂತ ಹೆಸರು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಬಂಪರಿಗೆ ಕೂದಲು ಕಟ್ಟುವುದು ನಮ್ಮ ರೂಢಿ, ಅಲ್ಲಿ ಕೂದಲೇ ಬಂಪರನ್ನು ಹೊತ್ತಿದೆ. ಅಷ್ಟೇ ಬದಲಾವಣೆ. ಅಷ್ಟು ಸಾಕು. ಯಾರದೋ ಹರಕೆ, ಯಾರದೋ ಭಯ, ಯಾರದೋ ತಲೆ. ಯಾವುದನ್ನೂ ತೊಳೆದು ತೆಗೆದಿಲ್ಲ.

ಅವರ ಇನ್ನೊಂದು ಕೃತಿ ರಸ್ತೆಗೆ ಹಾಕುವ ಡಾಂಬರಿನ ಡ್ರಮ್ಮುಗಳದು. ರಸ್ತೆ ಕೆಲಸದವರು ಖಾಲಿ ಡ್ರಮ್ಮು ಜೋಡಿಸಿ, ಚಪ್ಪಟೆ ಮಾಡಿದ ತಗಡು ಹೊದಿಸಿ ಗೂಡು ಕಟ್ಟಿಕೊಳ್ಳುತ್ತಾರಲ್ಲ, ಅದೇ ಅಳತೆಯ ಮನೆ, 2006ರ ‘ಡಾರ್ಕ್‌ರೂಂ’. ಬಗ್ಗಿ ಒಳಗೆ ಹೋದರೆ ಕತ್ತಲು, ಮೇಲಿನ ತಗಡಿಗೆ ಕೊರೆದ ಸಣ್ಣ ತೂತುಗಳಿಂದ ಬೆಳಕು ಬಿದ್ದು ನಕ್ಷತ್ರ ಕಂಡಂತೆ. ಅದೇ ಡ್ರಮ್ಮಿನ ತಗಡು, ಟಾರ್ಪಾಲು, ಅಭ್ರಕ ಸೇರಿಸಿ 2008ರಲ್ಲಿ ಮಾಡಿದ ಕೃತಿಗೆ ಅವರು ಕನ್ನಡದಲ್ಲೇ ಹೆಸರಿಟ್ಟಿದ್ದಾರೆ: ‘ಕಾಗೆಬಂಗಾರ’. ಹೊರದೇಶದ ಕ್ಯಾಟಲಾಗ್‌ಗಳಲ್ಲೂ ಹಾಗೇ ಅಚ್ಚಾಗುತ್ತದೆ. ಹೊಲದಲ್ಲಿ ಮಿಣಮಿಣ ಹೊಳೆಯುವ ಕಲ್ಲು ಹೆಕ್ಕಿ ಜೇಬು ತುಂಬಿಕೊಂಡು ಮನೆಗೆ ಬಂದು ಬೈಸಿಕೊಂಡವರು ಇಲ್ಲಿ ಇದ್ದೀರಾ? ಓಹೋ, ತುಂಬಾ ಜನ. ಹಾಗಾದರೆ ನಿಮಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶೀಲಾ ಅವರ ಕೆಲಸದಿಂದ ನಾನು ಕದ್ದದ್ದು ಇಷ್ಟು: ಒಂದು ಸಾಮಾನು ನಿಮ್ಮ ಕೈಗೆ ಬರುವ ಮೊದಲು ಲೋಕದಲ್ಲಿ ಏನೋ ಕೆಲಸ ಮಾಡಿ ದಣಿದು ಬಂದಿರುತ್ತದೆ. ಅದಕ್ಕೆ ಬಣ್ಣ ಬಳಿದು ಚೆಂದ ಮಾಡಿ ಆ ದಣಿವನ್ನು ಮುಚ್ಚಬೇಡಿ. ಪೇಂಟ್ ಹೊಡೆದ ಬಾಟಲಿ, ಮಿನುಗು ಅಂಟಿಸಿದ ತೆಂಗಿನ ಚಿಪ್ಪು ಇವನ್ನೆಲ್ಲ ‘ಕಸದಿಂದ ರಸ’ ಎನ್ನುತ್ತಾರೆ. ನನಗೆ ಅದು ಸೇರುವುದಿಲ್ಲ, ಕ್ಷಮಿಸಿ. ಬಾಟಲಿಗೆ ಬಾಟಲಿಯಾಗಿದ್ದದ್ದು ನಾಚಿಕೆ ಅನ್ನುವ ಹಾಗೆ ಮಾಡಿರುತ್ತಾರೆ. ಬಹುಕಾಲ ನೈಜೀರಿಯಾದಲ್ಲಿ ಕೆಲಸ ಮಾಡಿದ ಘಾನಾ ಮೂಲದ ಕಲಾವಿದ ಎಲ್ ಅನತ್ಸುಯಿ ಹೆಂಡದ ಬಾಟಲಿಗಳ ಮುಚ್ಚಳಗಳನ್ನು ಬಡಿದು, ತಾಮ್ರದ ತಂತಿಯಲ್ಲಿ ಸಾವಿರಗಟ್ಟಲೆ ಹೆಣೆದು ಗೋಡೆ ತುಂಬುವ ಹೊದಿಕೆ ಮಾಡುತ್ತಾರೆ. ದೂರದಿಂದ ಜರಿಪೀತಾಂಬರ, ಹತ್ತಿರ ಹೋದರೆ ಹೆಂಡದ ಕಂಪನಿಗಳ ಹೆಸರು ಓದಬಹುದು. ಅದು ಬೇರೆ.

ಈಗ ನನ್ನ ಕೆಲಸ ಒಂದೆರಡು. ಮಂಡಕ್ಕಿ ಭಟ್ಟಿಯ ಗೋಡೆಯ ಮಸಿ ನಮ್ಮ ಊರಿನ ಬಣ್ಣ. ಕೆರೆದು ತಂದು ಶಾಯಿ ಮಾಡುತ್ತೇನೆ. ಮಸಿ ನೀರಿನಲ್ಲಿ ಸುಲಭಕ್ಕೆ ಕಲಸುವುದಿಲ್ಲ, ಮೇಲೆ ತೇಲುತ್ತದೆ. ಒಂದೆರಡು ಹನಿ ಸೀಗೇಕಾಯಿ ನೀರು ಹಾಕಿದರೆ ಬಗ್ಗುತ್ತದೆ. ಆಮೇಲೆ ಅಂಟು. ಆ ಕಪ್ಪು ಅಂಗಡಿಯ ಕಪ್ಪಿನ ಹಾಗೆ ಹೊಳೆಯುವುದಿಲ್ಲ, ಸ್ವಲ್ಪ ಕಂದು, ಸ್ವಲ್ಪ ಕೆಮ್ಮು ಬರಿಸುವಂಥದ್ದು. ಅದರಲ್ಲಿ ಭಟ್ಟಿಯ ಹೆಂಗಸರ ಕೈಗಳನ್ನು ಬರೆದಿದ್ದೇನೆ. ಅವರಿಗೇ ತೋರಿಸಿದಾಗ ಒಬ್ಬಾಕೆ, “ನಮ್ಮ ಕೈ ತೊಳಕೊಂಡ್ರೂ ಹೋಗಲ್ಲ, ನೀವು ಬೇರೆ ಬರೆದು ಇಟ್ಟೀರಿ” ಅಂದರು. ನಕ್ಕರೋ ಬೈದರೋ ಇನ್ನೂ ಗೊತ್ತಾಗಿಲ್ಲ.

ಅವ್ವನಿಗೆ ಕಾಯಿಲೆಯಾದ ಎರಡು ವರ್ಷ ನಾನು ಚಿತ್ರ ಬರೆಯಲಿಲ್ಲ. ಮಾತ್ರೆ ಕೊಡುವುದು, ಗಂಜಿ ಮಾಡುವುದು, ಮತ್ತೆ ಮಾತ್ರೆ. ಖಾಲಿಯಾದ ಮಾತ್ರೆ ಹಾಳೆಗಳನ್ನು ಯಾಕೋ ಬಿಸಾಕಲು ಆಗದೆ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬುತ್ತಿದ್ದೆ. “ಆ ಕಸ ಯಾಕೆ ಕೂಡಿಡ್ತೀಯೇ, ನಾನು ಹೋದ್ಮೇಲೆ ಅದಕ್ಕೂ ದಿನ ಮಾಡ್ತೀಯೇನು?” ಅನ್ನುತ್ತಿದ್ದಳು. ಅವಳು ಹೋದ ಮೇಲೆ ನೋಡಿದರೆ ಹನ್ನೊಂದು ಬಾಟಲಿ. ಒಂದು ಮಧ್ಯಾಹ್ನ ನೆಲದ ಮೇಲೆ ಸುರಿದೆ. ಕಾಗೆಬಂಗಾರದ ಹಾಗೆ ಮಿಣಮಿಣ. ಬೆನ್ನಿನ ಹಾಳೆಯಲ್ಲಿ ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಅಚ್ಚಾಗಿರುತ್ತವಲ್ಲ, ಅದನ್ನೇ ಹಿಡಿದು ಸಾಲಾಗಿ ಜೋಡಿಸುತ್ತಾ ಹೋದೆ. ಕೌದಿಯ ಅಳತೆಯೇ ಆಯಿತು. ಅಂಟು ಹಿಡಿಯಲಿಲ್ಲ, ಸೂಜಿಯಲ್ಲಿ ಹೊಲಿದೆ. ಒಂದು ಹಾಳೆಯಲ್ಲಿ ಎರಡು ಮಾತ್ರೆ ಹಾಗೇ ಉಳಿದಿದ್ದವು. ಯಾವ ದಿನದ್ದು? ನಾನು ಮರೆತದ್ದೋ, ಅವಳು ಬೇಡ ಎಂದದ್ದೋ? ತುಂಬಾ ಹೊತ್ತು ಕೂತು ನೆನಪು ಮಾಡಿಕೊಂಡೆ, ಸಿಗಲಿಲ್ಲ. ಆ ಎರಡು ಮಾತ್ರೆಗಳನ್ನು ತೆಗೆಯದೆ ಹೊಲಿದೆ. ಪ್ರದರ್ಶನಕ್ಕೆ ಬಂದವರು ಹತ್ತಿರ ಬಂದು, ಅವನ್ನು ಕಂಡು, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಎಲ್ಲರ ಮನೆಯಲ್ಲೂ ಅಂಥ ಎರಡು ಮಾತ್ರೆ ಇರುತ್ತವೆ ಅಂತ ಕಾಣುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ಏನು ಸಿಕ್ಕರೂ ಕೂಡಿಟ್ಟರೆ ಮನೆ ಗುಜರಿ ಅಂಗಡಿ ಆಗುವುದಿಲ್ಲವೇ? ಆಗುತ್ತದೆ. ನನ್ನ ಗಂಡನನ್ನು ಕೇಳಿ. ಹಾಗಾಗಿ ಎರಡು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಸಿಕ್ಕ ದಿನ, ಜಾಗ ಬರೆಯಲಾಗದ್ದನ್ನು ಇಟ್ಟುಕೊಳ್ಳುವುದಿಲ್ಲ. ಎಲ್ಲಿಂದ ಬಂತು ಅಂತ ಮರೆತದ್ದು ಬರೀ ಕಸ. ಇನ್ನೊಂದು, ಕೇಳದೆ ತರುವುದಿಲ್ಲ. ಗುಜರಿಯವನಿಗೂ ಅದು ಸರಕು, ಚಿಂದಿ ಆಯುವವಳಿಗೆ ಅದು ಆ ದಿನದ ಊಟ. ‘ಬಿದ್ದಿತ್ತು, ಎತ್ತಿಕೊಂಡೆ’ ಅನ್ನುವುದು ನಮ್ಮಂಥವರ ಸೊಕ್ಕಿನ ಮಾತು. ನ್ಯೂಸ್‌ಪ್ರಿಂಟ್ ಬೇಗ ಹಳದಿಯಾಗಿ ಮುರಿಯುತ್ತದೆ, ಮರದ ತಿರುಳಿನಲ್ಲಿರುವ ಲಿಗ್ನಿನ್ ಅದಕ್ಕೆ ಕಾರಣ. ಬಾಳಬೇಕಾದ ಕೆಲಸಕ್ಕೆ ಹತ್ತಿ ಚಿಂದಿಯ ಕಾಗದ ಹಾಕಿ. ಇದು ಅವರ ಚೀಟಿಗೆ ಉತ್ತರವಲ್ಲ, ಮರೆಯುವ ಮೊದಲು ಹೇಳಿದೆ.

ಕೊನೆಯದಾಗಿ, ನಾನು ಏನೂ ಮಾಡದೆ ಇಟ್ಟುಕೊಂಡಿರುವ ಸಾಮಾನೊಂದಿದೆ. ನಮ್ಮ ಬೀದಿಯಲ್ಲಿ ಒಬ್ಬ ಲೇಡೀಸ್ ಟೈಲರ್ ಇದ್ದರು, ಟೈಲರ್ ಅಣ್ಣ ಅಂತಲೇ ಕರೆಯುತ್ತಿದ್ದೆವು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಕರೆದು, “ತಾಯಿ, ನೀವು ಹಾಳುಮೂಳು ಒಯ್ತೀರಂತಲ್ಲ, ಇದೂ ಒಯ್ರಿ” ಅಂತ ಎರಡು ಗೋಣಿಚೀಲ ಕೊಟ್ಟರು. ಒಳಗೆ ಹಳೆ ಬಿಲ್ ಪುಸ್ತಕಗಳು. ಟೈಲರ್‌ಗಳು ಬಟ್ಟೆ ತೆಗೆದುಕೊಂಡಾಗ ಅದರ ಮೂಲೆಯಿಂದ ಒಂದು ಚೂರು ಕತ್ತರಿಸಿ ಬಿಲ್ಲಿಗೆ ಪಿನ್ ಹೊಡೆಯುತ್ತಾರಲ್ಲ, ಯಾರ ಬಟ್ಟೆ ಯಾವುದೆಂದು ಗೊತ್ತಾಗಲು. ಇಪ್ಪತ್ತೇಳು ವರ್ಷದ ಚೂರುಗಳು. ನಮ್ಮ ಬೀದಿಯ ಹೆಂಗಸರ ಮದುವೆ, ಸೀಮಂತ, ಗೃಹಪ್ರವೇಶ, ಯುಗಾದಿ, ಎಲ್ಲ ಒಂದು ಇಂಚು ಅಗಲದಲ್ಲಿ. ಪಕ್ಕದಲ್ಲಿ ತೋಳು, ಸುತ್ತಳತೆ, ಕೊಟ್ಟ ಮುಂಗಡ, ಉಳಿದ ಬಾಕಿ.

ತಂದು ಎರಡು ವರ್ಷವಾಯಿತು. ಎಷ್ಟೋ ಸಲ ಕತ್ತರಿ ಹಿಡಿದು ಕೂತಿದ್ದೇನೆ. ಕೌದಿ ಮಾಡಲೇ? ಗೋಡೆ ತುಂಬ ಹಚ್ಚಲೇ? ಪ್ರತಿ ಸಲವೂ ಎರಡು ಪುಟ ತಿರುವಿ ಮುಚ್ಚಿಡುತ್ತೇನೆ. ಹೋದ ದೀಪಾವಳಿಯಲ್ಲಿ ಹಿಂದಿನ ಬೀದಿಯ ಹೆಂಗಸೊಬ್ಬರು ಬಂದಿದ್ದರು. ಸುದ್ದಿ ಹೇಗೋ ಕಿವಿಗೆ ಬಿದ್ದಿತ್ತು. ಮದುವೆಗೆ ಇದೇ ಟೈಲರ್ ಹತ್ತಿರ ಜಂಪರ್ ಹೊಲಿಸಿದ್ದರಂತೆ. ಸೀರೆ, ಜಂಪರ್, ಮದುವೆಯ ಫೋಟೊ ಎಲ್ಲ ಒಂದು ಮಳೆಗಾಲ ಮನೆಗೆ ನೀರು ನುಗ್ಗಿ ಹೋಗಿದೆ. ಇಸವಿ, ತಿಂಗಳು ಹೇಳಿದರು. ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು, ಎರಡು ತಾಸು ಹಿಡಿಯಿತು. ಸಿಕ್ಕಿತು. ಗಿಳಿಹಸಿರು, ಅಂಚಿಗೆ ಕೂದಲೆಳೆಯಷ್ಟು ಜರಿ. ಆಕೆ ಅದನ್ನು ಬೆರಳಿನಿಂದ ಸವರಿ, “ಇಷ್ಟು ಹಸಿರಿತ್ತಾ?” ಅಂದರು. ನಾನು ಪಿನ್ ಬಿಚ್ಚಿ ಕೊಟ್ಟೆ. ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಆ ಬಿಲ್ಲು ಇಲ್ಲಿದೆ, ನೋಡಿ ದಾಟಿಸಿ. ಎರಡು ತುಕ್ಕಿನ ತೂತು, ಚೂರು ಇದ್ದ ಕಡೆ ಕಾಗದ ಬೆಳ್ಳಗೆ ಉಳಿದಿದೆ. ಕೆಳಗೆ ಟೈಲರ್ ಅಣ್ಣನ ಅಕ್ಷರ: ಬಾಕಿ 15 ರೂಪಾಯಿ.